ಕೇಳುವ ಮೊದಲೇ

“ನಿನಗೆ ಕಷ್ಟ ಅಂತ ಬಂದ್ರೆ ನೀನು ಬಾಯಿಬಿಟ್ಟು ಕೇಳೋ ಹಂಗಾಗಬಾರದು ಪುಟ್ಟಿ. ಕೇಳೋ ಮೊದಲೇ ಕೊಡ್ತೀನಿ” ಎಂದು ನಾಗೇಶ ತನ್ನ ತಂಗಿಗೆ ಹೇಳಿದ್ದು ಭದ್ರಾವತಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ, ಅಪ್ಪ ಜಟ್ಟಪ್ಪ ತೀರಿಕೊಂಡ ವರ್ಷ. ಹಳೇನಗರದ ಮನೆಯಲ್ಲಿ ತನಗೆ ಬರಬೇಕಾದ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಹಕ್ಕು ಬಿಡುಗಡೆ ಪತ್ರಕ್ಕೆ ಪುಟ್ಟಲಕ್ಷ್ಮಿ ಆಗಷ್ಟೇ ಒಳಗೆ ಸಹಿ ಹಾಕಿ ಬಂದಿದ್ದಳು. ಹೆಬ್ಬೆಟ್ಟಿಗೆ ಹತ್ತಿದ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ, “ಅದೆಲ್ಲ ಈಗ್ಯಾಕೆ, ಮೊದಲು ದೋಸೆ ಕೊಡಿಸು ಮಾರಾಯ, ಬೆಳಿಗ್ಗೆಯಿಂದ ಬರೀ ಕಾಫಿ” ಎಂದು ನಕ್ಕಿದ್ದಳು. ಪಾಲು ಬಿಡು ಎಂದು ಅವನು ಕೇಳಿರಲಿಲ್ಲ. ಕೇಳಿರಲಿಲ್ಲ ಎಂಬುದನ್ನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಆದರೆ ಅಪ್ಪನ ತಿಥಿ ಮುಗಿದ ದಿನದಿಂದ ಅವಳ ಬಾಯಿಂದ ಪಾಲು ಬೇಡ ಎಂಬ ಮಾತು ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದುದು, ಅವಳು ಊಟದ ನಡುವೆ ತಲೆಯೆತ್ತಿದಾಗಲೆಲ್ಲ ಈಗ ಹೇಳುತ್ತಾಳೆ ಎಂದು ತುತ್ತು ನುಂಗುವುದನ್ನು ನಿಲ್ಲಿಸುತ್ತಿದ್ದುದು ಅವನಿಗೆ ಮಾತ್ರ ಗೊತ್ತು. ತವರಿನಲ್ಲಿ ಪಾಲು ಕೇಳಿದ ಹೆಣ್ಣುಮಗಳಿಗೆ ಮತ್ತೆ ಆ ಮನೆಯ ಹೊಸ್ತಿಲು ಮೊದಲಿನಂತೆ ಇರುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೇರಿಯ ಎಲ್ಲ ಹೆಣ್ಣುಮಕ್ಕಳಂತೆ ಅವಳೂ ಅದನ್ನು ತಿಳಿದೇ ಬೆಳೆದಿದ್ದಳು. ಹಾಗಾಗಿ ಅವಳಾಗಿಯೇ ಬಂದು ಸಹಿ ಹಾಕಿದಳು, ಅವನು ಎದೆ ತುಂಬಿ ಬಂದಂತಾಗಿ ಆ ಮಾತನ್ನು ಹೇಳಿದ, ದೋಸೆ ಕೊಡಿಸಿದ. ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಅಂದಿನಿಂದ ಗೌರಿ ಹಬ್ಬದ ಬಾಗಿನವನ್ನು ಅವನು ಒಂದು ವರ್ಷವೂ ತಪ್ಪಿಸಿಲ್ಲ. ತಾನು ಕೆಲಸಕ್ಕಿದ್ದ ಕಾಗದದ ಕಾರ್ಖಾನೆಗೆ ಬೀಗ ಬಿದ್ದು ಸಂಬಳವಿಲ್ಲದೆ ಕೂತಿದ್ದಾಗಲೂ ಅವಳ ಗಂಡನೂರು ಕುಂಸಿಗೆ ಹೋಗಿ ಸೀರೆ, ಬಳೆ, ಕಾಯಿ, ಅರಿಶಿನ ಕುಂಕುಮ ಕೊಟ್ಟು ಬಂದಿದ್ದಾನೆ. ಪ್ರತಿ ಸಲ ಹಿಂದಿರುಗುವಾಗಲೂ ಆ ಮೆಟ್ಟಿಲ ಮೇಲಿನ ಮಾತಿನ ಒಂದು ಕಂತು ತೀರಿಸಿದಂತೆ ಹಗುರಾಗುತ್ತಿತ್ತು. ಇವತ್ತು ಬೆಳಿಗ್ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ ಅವನಂಥ ಅಣ್ಣತಮ್ಮಂದಿರೇ ತುಂಬಿದ್ದರು. ನಾಳೆ ಗೌರಿ. ಎಲ್ಲರ ತೊಡೆಯ ಮೇಲೂ ಬಟ್ಟೆ ಅಂಗಡಿಯ ಕೈಚೀಲ, ಚೀಲದ ಬಾಯಲ್ಲಿ ಬಾಳೆಹಣ್ಣಿನ ಚಿಪ್ಪು. ಮುಂದಿನ ಸೀಟಿನವನೊಬ್ಬ ಎರಡು ಹೊಸ ಮೊರಗಳನ್ನು ಎದೆಗವಚಿಕೊಂಡು ನಿಂತವರ ಮೊಣಕೈಯಿಂದ ಅವನ್ನು ಕಾಯುತ್ತಿದ್ದ. ಅವರೆಲ್ಲ ತಂಗಿಯರ ಮನೆಗೆ ಹೋಗುತ್ತಿದ್ದರು. ನಾಗೇಶ ಆಸ್ಪತ್ರೆಗೆ ಹೋಗುತ್ತಿದ್ದ. ಅವನ ಚೀಲವನ್ನು ಎಂದಿನಂತೆ ಹೆಂಡತಿ ವಿದ್ಯಾಶ್ರೀ ತುಂಬಿ ಕೊಟ್ಟಿದ್ದಳು. ಟಿಕೆಟ್ ತೆಗೆದುಕೊಂಡು ಉಳಿದ ಚಿಲ್ಲರೆಯನ್ನು ಚೀಲದ ಬದಿಗೆ ಹಾಕಲು ಹೋದಾಗ ಸೀರೆಯ ಮಡಿಕೆಯೊಳಗಿಂದ ಹಸಿರು ರವಿಕೆ ಕಣ ಇಣುಕುತ್ತಿರುವುದು ಕಂಡಿತು. ಜರಿಯಂಚಿನ, ಅಂಗೈಯಗಲಕ್ಕೆ ಮಡಿಸಿಟ್ಟ ಬಟ್ಟೆ. ಸೀರೆಯೊಳಗೇ ರವಿಕೆ ಬಟ್ಟೆ ಬಂದಿದ್ದರೂ ಬಾಗಿನಕ್ಕೆ ಬೇರೆ ಕಣ ಇಡದೆ ಕೊಡಬಾರದು ಎನ್ನುವುದು ವಿದ್ಯಾಶ್ರೀಯ ಲೆಕ್ಕ. ಅದನ್ನು ಕಂಡದ್ದೇ ಅವನ ಕಿವಿಯ ತುದಿ ಬಿಸಿಯಾಯಿತು. ಪಕ್ಕದವನು ನೋಡುತ್ತಿದ್ದಾನೆಯೇ ಎಂದು ತಿರುಗಿದ. ಪಕ್ಕದವನು ನಿದ್ದೆ ಮಾಡುತ್ತಿದ್ದ.

ತಂಗಿಯ ಎಡಗಡೆಯದನ್ನು ತೆಗೆದು ಆಗಲೇ ಒಂದು ಮಳೆಗಾಲದಷ್ಟು ಕಾಲವಾಗಿತ್ತು. ತೆಗೆದರು ಎಂದಷ್ಟೇ ಮನೆಯಲ್ಲಿ ಹೇಳುವುದು. ಏನನ್ನು ಎಂದು ಹೇಳುವುದಿಲ್ಲ. ಹೇಳಲೇಬೇಕಾದಲ್ಲಿ ಇಂಗ್ಲಿಷಿನಲ್ಲಿ ಬ್ರೆಸ್ಟು ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಅದು ಯಾರ ಮೈಗೂ ಸೇರಿದ್ದಲ್ಲ ಎನ್ನುವಂತೆ. ಮೊದಲ ದಿನ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಏನು ತೊಂದರೆ ಎಂದು ಕೇಳಿದ ಹುಡುಗಿಗೆ ನಾಗೇಶ ತಂಗಿಯ ಎದುರಿಗೆ ಆ ಮಾತು ಬಾರದೆ ಎದೆ ಎಂದ. ಹುಡುಗಿ ಅವರನ್ನು ಹೃದಯದ ವಿಭಾಗಕ್ಕೆ ಕಳಿಸಿದಳು. ಅಲ್ಲಿ ಮುದುಕರ ಸಾಲಿನಲ್ಲಿ ಇಬ್ಬರೂ ಮಧ್ಯಾಹ್ನದವರೆಗೂ ಕೂತರು. ತಪ್ಪು ಸಾಲಿನಲ್ಲಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅವಳೇ ಎದ್ದು ಹೋಗಿ ಕಿಟಕಿಯಲ್ಲಿ ಸರಿಯಾದ ಮಾತು ಹೇಳಿ ಬಂದಳು. ಬಂದು, “ಹಾರ್ಟು ಚೆನ್ನಾಗಿದೆಯಂತೆ, ನಡಿ” ಎಂದಳು. ಆ ಮಾತನ್ನೇ ಹೇಳಲಾರದ ತಾನು ಈಗ ಅವಳ ಕೈಗೆ ರವಿಕೆ ಕಣ ಇಡಬೇಕು. ನಾಗೇಶ ಚೀಲದೊಳಗೆ ಕೈ ತೂರಿಸಿ, ಕಳ್ಳತನ ಮಾಡುವವನ ಹಾಗೆ ಕಣವನ್ನು ಬೆರಳಲ್ಲೇ ಎಳೆದು, ಮುದುರಿ, ಪ್ಯಾಂಟಿನ ಜೇಬಿಗೆ ಸೇರಿಸಿದ. ಜೇಬು ಉಬ್ಬಿತು. ಮಾಚೇನಹಳ್ಳಿ ಬಂತು. ಅವನು ಕೆಲಸ ಮಾಡುವ ಎರಕದ ಕಾರ್ಖಾನೆಯ ಗೇಟು ರಸ್ತೆಯಿಂದಲೇ ಕಾಣುತ್ತದೆ. ತಂಗಿಗೆ ಆಸ್ಪತ್ರೆ ಎಂದು ನಿಜವನ್ನೇ ಹೇಳಿ ರಜೆ ಹಾಕಿದ್ದ. ಆದರೂ ಗೇಟು ಬರುವಾಗ ಮುಖವನ್ನು ಕಿಟಕಿಯಿಂದ ಈಚೆ ತಿರುಗಿಸಿಕೊಂಡ.

ಇವತ್ತು ಅವನು ಎರಡು ಕೆಲಸ ಮಾಡಬೇಕಾಗಿತ್ತು. ಮೊದಲನೆಯದು ಈ ಬಾಗಿನ. ಎರಡನೆಯದು ಮಧ್ಯಾಹ್ನ ಭದ್ರಾವತಿಗೆ ಹಿಂದಿರುಗಿ, ಬ್ಯಾಂಕಿಗೆ ಹೋಗಿ, ಮನೆಯ ಮೇಲಿನ ಸಾಲಕ್ಕೆ ಸಹಿ ಹಾಕುವುದು. ಆಪರೇಷನ್ನಿಗೆ ತಂಗಿಯ ಗಂಡ ಚಂದ್ರು ತನ್ನ ಗೂಡ್ಸ್ ಆಟೋ ಮಾರಿದ್ದ. ಕೀಮೋಗೆ ಸರ್ಕಾರದ ಕಾರ್ಡಿನಲ್ಲಿ ಅಷ್ಟೋ ಇಷ್ಟೋ ಬರುತ್ತಿತ್ತು, ಉಳಿದದ್ದಕ್ಕೆ ಅವನ ಹಿಟ್ಟಿನ ಗಿರಣಿ ಹಗಲೂ ರಾತ್ರಿ ಓಡುತ್ತಿತ್ತು. ಆದರೆ ಗಂಟಿನ ಜಾತಿ ಯಾವುದೆಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ಅದಕ್ಕೆಂದೇ ಇರುವ ಇನ್ನೊಂದು ಇಂಜೆಕ್ಷನ್ ಬೇಕು ಎಂದರು. ಕೀಮೋ ಮುಗಿದರೂ ಅದನ್ನು ಒಂದು ವರ್ಷ ಬಿಡದೆ ಹಾಕಬೇಕು, ಅದು ಕಾರ್ಡಿನಲ್ಲಿ ಬರುವುದಿಲ್ಲ. ಮನೆಯವರು ಅದಕ್ಕೆ ದೊಡ್ಡ ಇಂಜೆಕ್ಷನ್ ಎಂದು ಹೆಸರಿಟ್ಟರು. ಒಂದು ಸಲದ್ದಕ್ಕೆ ನಾಗೇಶನ ಸಂಬಳ ಪೂರ್ತಿ ಹೋದರೂ ಸಾಲದು. ಮೂರನ್ನು ಹೇಗೋ ಹಾಕಿಸಿದ್ದರು. ಎರಡಕ್ಕೆ ಅವಳ ಬಳೆ ಹೋಯಿತು. ಒಂದಕ್ಕೆ ನಾಗೇಶ ಕೊಟ್ಟ. ಕೊಟ್ಟಾಗ ಚಂದ್ರು ಅವನ ಕೈ ಹಿಡಿದುಕೊಂಡು ಬಿಡದೆ ನಿಂತಿದ್ದ. ಆ ಕೈಯನ್ನು ಬಿಡಿಸಿಕೊಂಡ ಮೇಲೆ ನಾಗೇಶ ಯಾರಿಗೂ ಹೇಳದೆ ಹೋಗಿ ಬ್ಯಾಂಕಿನಲ್ಲಿ ಅರ್ಜಿ ಕೊಟ್ಟ. ಅಪ್ಪನ ಮನೆ. ಅವಳೂ ಹುಟ್ಟಿದ ಮನೆ. ಪತ್ರದಲ್ಲಿ ಅವನೊಬ್ಬನದೇ ಹೆಸರಿತ್ತು, ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅರ್ಜಿ ಕೊಟ್ಟು ಹೊರಗೆ ಬಂದಾಗ ತಾನೊಬ್ಬ ದೊಡ್ಡ ಮನುಷ್ಯ ಎನಿಸಿ, ಪಕ್ಕದ ಅಂಗಡಿಯಲ್ಲಿ ನಿಂಬೆ ಸೋಡ ಕುಡಿದ. ಸೋಡ ಮುಗಿಯುವುದರೊಳಗೆ ಕಂತಿನ ಲೆಕ್ಕ ಶುರುವಾಯಿತು. ಸಾಲದ ಕಂತು ಕಟ್ಟಬೇಕಾದ್ದು ಅವನಿಗೆ ಕೆಲಸ ಮಾಡುವ ವಯಸ್ಸು ದಾಟಿ ಹೋದ ಮೇಲೂ. ಕಾಗದದ ಕಾರ್ಖಾನೆಯ ಗೇಟಿನ ಮುಂದೆ, ಇವತ್ತು ತೆಗೆಯುತ್ತಾರೆ ನಾಳೆ ತೆಗೆಯುತ್ತಾರೆ ಎಂದು ಬೆಳಿಗ್ಗೆ ಬುತ್ತಿ ಹಿಡಿದು ನಿಂತು ಮಧ್ಯಾಹ್ನ ಅದೇ ಬುತ್ತಿಯನ್ನು ಅಲ್ಲೇ ತಿಂದು ಮನೆಗೆ ಬರುತ್ತಿದ್ದ ಗಂಡಸರಲ್ಲಿ ಅವನೂ ಒಬ್ಬನಾಗಿದ್ದ. ಜೊತೆಯವರು ಕ್ವಾಟ್ರಸ್ ಬಿಟ್ಟು ಬಾಡಿಗೆ ಮನೆ ಹುಡುಕುತ್ತ ಅಲೆದಾಗ ಅವನಿಗೆ ತಲೆಯ ಮೇಲೊಂದು ಸೂರಿತ್ತು. ಅದೊಂದೇ ಇತ್ತು. ತಂಗಿ ಸಹಿ ಹಾಕಿ ಕೊಟ್ಟದ್ದು.

ನಿನ್ನೆ ಸಂಜೆ ಅವನು ಸ್ನಾನಕ್ಕೆ ಹೋದಾಗ ಬ್ಯಾಂಕಿನವರು ಫೋನ್ ಮಾಡಿದರು. ವಿದ್ಯಾಶ್ರೀ ಎತ್ತಿಕೊಂಡಳು. ಅವನು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ, ಮನೆ ಮೇಲಿನ ಲೋನ್ ಪಾಸಾಗಿದೆಯಂತೆ, ಹಬ್ಬದ ರಜೆಗೆ ಮುಂಚೆ ನಾಳೆ ಬಂದು ಸಹಿ ಮಾಡಬೇಕಂತೆ ಎಂದು, ಹಾಲಿನವನು ಬಂದಿದ್ದ ಎಂದು ಹೇಳುವ ದನಿಯಲ್ಲೇ ಹೇಳಿ ಒಳಗೆ ಹೋದಳು. ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದಳು. ಅವಳು ಕೂಗಾಡಲಿಲ್ಲ. ಮಗಳು ರಕ್ಷಾಳ ಕಾಲೇಜಿನ ಫೀಜಿನ ಮಾತು ಎತ್ತಲಿಲ್ಲ. ಕೂಗಾಡಿದ್ದರೆ ಅವನೂ ಕೂಗಾಡಿ, ನನ್ನ ತಂಗಿ, ನಮ್ಮಪ್ಪನ ಮನೆ ಎಂದೆಲ್ಲ ಹೇಳಿ, ಆ ಸಿಟ್ಟಿನ ಬಲದಿಂದಲೇ ಸಹಿ ಹಾಕಿ ಬರಬಹುದಾಗಿತ್ತು. ಅವಳು ಬೇಳೆ ಬಸಿದಳು. ರಾತ್ರಿ ಹಿತ್ತಲ ಕಡೆಯ ಬಾಗಿಲು ಮುಂದೆ ಮಾಡಿಕೊಂಡು ಯಾರೊಂದಿಗೋ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದಳು. ತನ್ನ ತಾಯಿಯ ಹತ್ತಿರವಿರಬೇಕು ಎಂದುಕೊಂಡು ನಾಗೇಶ ಟಿವಿಯ ಸದ್ದು ಸ್ವಲ್ಪ ಏರಿಸಿದ್ದ. ಈಗ ಬಸ್ಸು ತುಂಗೆಯ ಕಡೆಗೆ ಇಳಿಯುತ್ತಿರುವಾಗ ಅವನಿಗೆ, ಹಾಕುತ್ತೇನೆ, ಸಹಿ ಹಾಕಿಯೇ ಹಾಕುತ್ತೇನೆ ಎಂದು ಗಟ್ಟಿಯಾಗಿ ಅನಿಸಿತು. ಇವತ್ತೇ ಅವಳಿಗೆ ಹೇಳಿಬಿಡುತ್ತೇನೆ. ಹೇಳಿದ ಮೇಲೆ ಹಿಂದೆ ಸರಿಯಲು ಆಗುವುದಿಲ್ಲ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಮನಸ್ಸಿನ ಇನ್ನೊಂದು ಮೂಲೆಯಿಂದ, ಇಷ್ಟೆಲ್ಲ ಮಾಡಿಯೂ ಅವಳು ಉಳಿಯದಿದ್ದರೆ ಎಂಬುದು ಬಂತು. ತಡೆಯುವಷ್ಟರಲ್ಲಿ ಪೂರ್ತಿ ಬಂದುಬಿಟ್ಟಿತ್ತು. ಉಳಿಯದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ನಾಗೇಶ ಜೇಬಿನ ಮೇಲೆ ಕೈಯಿಟ್ಟು ಅಲ್ಲಿದ್ದ ಬಟ್ಟೆಯ ಉಬ್ಬನ್ನು ಒತ್ತಿ ಹಿಡಿದ.

ಕೀಮೋ ಕೊಡುವ ವಾರ್ಡು ಎರಡನೇ ಮಹಡಿಯಲ್ಲಿತ್ತು. ಒರಗುವ ಕುರ್ಚಿಗಳು, ಪ್ರತಿಯೊಂದರ ಪಕ್ಕ ಬಾಟಲಿ ತೂಗುಹಾಕಿದ ಕಂಬ. ಪುಟ್ಟಲಕ್ಷ್ಮಿ ಕಿಟಕಿಯ ಹತ್ತಿರ ಕೂತಿದ್ದಳು. ತಲೆಗೆ ಸುತ್ತಿದ ಹತ್ತಿ ಬಟ್ಟೆಯ ಕೆಳಗೆ ಮುಖ ಚಿಕ್ಕದಾಗಿ, ಹುಬ್ಬಿಲ್ಲದೆ, ಅವರಮ್ಮನ ಕೊನೆಯ ದಿನಗಳ ಮುಖದಂತೆ ಇತ್ತು. ಅವನು ಬಾಗಿಲಲ್ಲೇ ಒಂದು ಗಳಿಗೆ ನಿಂತ. ಅವಳು ನೋಡಿ ಕೈ ಎತ್ತಲು ಹೋಗಿ, ಸೂಜಿ ನೆನಪಾಗಿ ಇಳಿಸಿದಳು. ಚಂದ್ರು ಬೆಳಿಗ್ಗೆ ಬಿಟ್ಟು ಕುಂಸಿಗೆ ಹಿಂದಿರುಗಿದ್ದಾನೆ, ಹಬ್ಬದ ಮುಂದೆ ಗಿರಣಿಯಲ್ಲಿ ಅಕ್ಕಿ ಹಿಟ್ಟಿಗೆ ಜನ ಸಾಲು ನಿಂತಿರುತ್ತಾರೆ, ಸಂಜೆ ಬರುತ್ತಾನೆ ಎಂದಳು. ಪಕ್ಕದ ಕುರ್ಚಿಯಲ್ಲಿ ಹೊಳೆಹೊನ್ನೂರಿನ ಈಶ್ವರಮ್ಮ ಎನ್ನುವ ದಪ್ಪನೆಯ ಹೆಂಗಸು ಕಾಲು ನೀಡಿ ಕೂತಿದ್ದಳು. ಪ್ರತಿ ಸಲ ಇಬ್ಬರಿಗೂ ಕೀಮೋ ಒಂದೇ ದಿನ ಬರುತ್ತಿತ್ತಂತೆ. ಆಕೆ ನಾಗೇಶನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಇವ್ರೇನಾ ನಿಮ್ಮಣ್ಣೋರು?” ಎಂದಳು ಪುಟ್ಟಲಕ್ಷ್ಮಿಗೆ. ಆಮೇಲೆ ಅವನಿಗೆ, “ಭಾಳ ಹೇಳ್ತಾಳೆ ಸಾರ್ ನಿಮ್ ವಿಷ್ಯ. ಆ ದೊಡ್ಡ ಇಂಜೆಕ್ಷನ್ ಎಲ್ಲಾ ನಮ್ಮಣ್ಣಂದೇ ಅಂತ. ನಮಗೂ ಇದಾರೆ ಅಣ್ತಮ್ಮಂದಿರು, ಮೂರ್ ಜನ. ಒಬ್ಬ ಎಳನೀರು ತಂದ್ಕೊಟ್ಟ.”

ನಾಗೇಶ ಅಲ್ಲ ಎನ್ನಬೇಕಿತ್ತು. ಒಂದೇ ಒಂದು ನಾನು ಕೊಟ್ಟಿದ್ದು, ಉಳಿದದ್ದು ಅವಳ ಬಳೆ ಎನ್ನಬೇಕಿತ್ತು. ಅವನು ನಕ್ಕ. ಅಂಥದ್ದೇನು ಮಹಾ ಎನ್ನುವ ನಗು. ನಗುವಾಗ ತಂಗಿಯ ಮುಖ ನೋಡಿದ. ಅವಳು ಬಾಟಲಿಯಿಂದ ಬೀಳುವ ಹನಿಯನ್ನು ನೋಡುತ್ತಿದ್ದಳು. ತವರಿನ ಬಗ್ಗೆ ಪರಊರಿನ ಹೆಂಗಸಿನ ಮುಂದೆ ಹೇಳಿಕೊಳ್ಳಲು ಅವಳಿಗೆ ಒಂದು ಕತೆ ಬೇಕಾಗಿತ್ತು, ಅಷ್ಟೆ. ಚಿಕ್ಕವಳಿದ್ದಾಗಲೂ ಹಾಗೆ ಮಾಡುತ್ತಿದ್ದಳು. ಅಪ್ಪ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯಲ್ಲಿ ಅಣ್ಣನಿಗೆ ಆಗಲೇ ಕೆಲಸ ಸಿಕ್ಕಿದೆ ಎಂದು, ಅವನು ಇನ್ನೂ ಹತ್ತನೇ ಕ್ಲಾಸು ಎರಡನೇ ಸಲ ಬರೆಯುತ್ತಿದ್ದಾಗ, ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಆ ಸುಳ್ಳನ್ನು ಕಾಪಾಡಲು ಅವನು ಒಂದು ವಾರ ಬೆಳಿಗ್ಗೆ ಮನೆ ಬಿಟ್ಟು ಹೊಳೆಯ ಹತ್ತಿರ ಕೂತು ಸಂಜೆ ಬರುತ್ತಿದ್ದ.

ಚೀಲ ಕೊಟ್ಟ. ಅವಳು ಸೂಜಿಯಿಲ್ಲದ ಎಡಗೈಯಲ್ಲಿ ಒಂದೊಂದನ್ನೇ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆಪರೇಷನ್ ಆದ ಕಡೆಯ ಕೈ. ಮುಂಗೈಯವರೆಗೂ ಊದಿಕೊಂಡಿತ್ತು. ಹಸಿರು ಗಾಜಿನ ಬಳೆಗಳನ್ನು ಹಿಡಿದು ಆ ಕೈಯನ್ನೂ ಸೂಜಿ ಚುಚ್ಚಿದ ಈ ಕೈಯನ್ನೂ ನೋಡಿದಳು. ಬಳೆ ಎರಡಕ್ಕೂ ಹೋಗುವಂತಿರಲಿಲ್ಲ. ಪಕ್ಕಕ್ಕಿಟ್ಟಳು. ಸೀರೆ ಬಿಡಿಸಿದಳು, ಮಡಿಕೆ ಮಡಿಕೆಯಾಗಿ, ಏನೋ ಬಿದ್ದುಹೋಗಿದೆಯೇನೋ ಎಂಬಂತೆ ಕೊಡವಿದಳು.

“ಕಣ ಎಲ್ಲಣ್ಣ?”

ಅವನು ಖಾಲಿ ಚೀಲವನ್ನು ಮಡಿಸತೊಡಗಿದ.

“ಅತ್ತಿಗೆ ಕಣ ಇಡದೆ ಕಳಿಸೋರಲ್ಲ. ಕಣ ಇಲ್ಲದೆ ಸೀರೆ ಯಾರಿಗೆ ಕೊಡ್ತಾರೆ, ಗೊತ್ತಲ್ಲ ನಿಂಗೆ?”

“ಬಸ್ಸಲ್ಲಿ… ಬಿತ್ತೇನೋ.”

ಅವಳು ಅವನ ಮುಖ ನೋಡಿದಳು, ಆಮೇಲೆ ಉಬ್ಬಿದ ಜೇಬು. ಜೇಬಿನ ಬಾಯಲ್ಲಿ ಜರಿಯ ಅಂಚು ಒಂದು ಬೆರಳಷ್ಟು ಹೊರಗಿತ್ತು. ಅವಳಿಗೆ ಅರ್ಥವಾದದ್ದು ಅವನಿಗೆ ಗೊತ್ತಾಯಿತು. ಈಗ ಅಳುತ್ತಾಳೆ ಎಂದುಕೊಂಡ. ಅವಳು ಊದಿದ ಕೈ ಚಾಚಿದಳು.

“ಕೊಡು ಮಾರಾಯ. ಒಂದ್ ಕಡೆಗಾದ್ರೂ ಬೇಕಲ್ಲ.”

ಈಶ್ವರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕುಲು ನಕ್ಕಳು. ತಂಗಿಯೂ ನಕ್ಕಳು. ಇಬ್ಬರು ಹೆಂಗಸರು, ತಲೆಗೆ ಬಟ್ಟೆ ಸುತ್ತಿಕೊಂಡವರು, ಅವನಿಗೆ ಪ್ರವೇಶವಿಲ್ಲದ ಯಾವುದೋ ಕೋಣೆಯಲ್ಲಿ ಕೂತು ನಗುತ್ತಿರುವಂತೆ ನಗುತ್ತಿದ್ದರು. ಅವನು ಮುದುರಿದ ಕಣವನ್ನು ಜೇಬಿನಿಂದ ತೆಗೆದು ಅವಳ ಕೈಗೆ ಕೊಟ್ಟ. ಮೈಯ ಬಿಸಿಗೆ ಅದು ಬೆಚ್ಚಗಾಗಿತ್ತು. ಅವಳು ತೊಡೆಯ ಮೇಲಿಟ್ಟು ಅಂಗೈಯಿಂದ ತಿಕ್ಕಿ ತಿಕ್ಕಿ ಸುಕ್ಕು ಬಿಡಿಸಿದಳು.

ಈಗ ಹೇಳಬೇಕು ಎಂದುಕೊಂಡ. ಬ್ಯಾಂಕಿನಲ್ಲಿ ಆಗಿದೆ ಪುಟ್ಟಿ, ಇನ್ನು ಯೋಚನೆ ಮಾಡಬೇಡ. ಇಷ್ಟೇ ಮಾತು. ನಾಲಗೆಯ ಮೇಲೆ ಜೋಡಿಸಿಕೊಂಡೂ ಆಗಿತ್ತು. ಅವಳು ಸುಕ್ಕು ಬಿಡಿಸುತ್ತಲೇ, ತಲೆಯೆತ್ತದೆ, ಅತ್ತಿಗೆ ರಾತ್ರಿ ಫೋನ್ ಮಾಡಿದ್ದರು ಎಂದಳು. ಏನಂತೆ ಎಂದು ಕೇಳಿದ. ಏನಿಲ್ಲ, ಸೀರೆಗೆ ಯಾವ ಬಣ್ಣ ತರೋದು ಅಂತ ಕೇಳೋಕೆ, ಎಂದಳು. ಸೀರೆಯನ್ನು ಮೊನ್ನೆಯೇ ತಂದಾಗಿತ್ತು. ಹಿತ್ತಲ ಬಾಗಿಲಾಚೆಯ ಮೆಲ್ಲನೆಯ ದನಿ ನಾಗೇಶನ ಕಿವಿಗೆ ಈಗ ಬಂತು, ನಿನ್ನೆ ಟಿವಿಯ ಕೆಳಗೆ ಹೂತುಹೋಗಿದ್ದದ್ದು. ವಿದ್ಯಾಶ್ರೀ ಏನು ಹೇಳಿರಬಹುದು, ಯಾವ ಮಾತಿನಿಂದ ಶುರುಮಾಡಿರಬಹುದು, ಎಲ್ಲಿ ಅತ್ತಿರಬಹುದು ಎಂಬುದು ಎದುರಿಗೆ ನಿಂತು ಕೇಳಿಸಿಕೊಂಡಷ್ಟು ಸ್ಪಷ್ಟವಾಯಿತು. ಹೆಂಡತಿಯ ಮೇಲೆ ಸಿಟ್ಟು ಬರಲೆಂದು ಕಾದ. ಬರಲಿಲ್ಲ. ಅದರ ಬದಲು ಬಂದದ್ದನ್ನು ಅವನು ಗುರುತಿಸಲು ಒಪ್ಪಲಿಲ್ಲ. ಬೇಸಿಗೆಯ ನಡುಹಗಲಲ್ಲಿ ಕರೆಂಟು ಬಂದು ಫ್ಯಾನು ತಿರುಗತೊಡಗಿದಾಗ ಆಗುವಂಥದ್ದು ಅದು.

“ಇನ್ನೊಂದು ಒಳ್ಳೆ ಸುದ್ದಿ ಅಣ್ಣ,” ಎಂದಳು. “ದೊಡ್ಡ ಇಂಜೆಕ್ಷನ್ ಇನ್ ಬೇಡ ಅಂದ್ರು ಡಾಕ್ಟ್ರು. ಮೂರ್ ಹಾಕಿದ್ದು ಸಾಕಂತೆ. ಚೆನ್ನಾಗಿ ಹಿಡಿದಿದೆಯಂತೆ ಮೈಗೆ.”

ಅವಳು ನೇರವಾಗಿ ಅವನ ಕಣ್ಣಿಗೆ ಕಣ್ಣಿಟ್ಟು ಹೇಳಿದಳು. ನಿಜ ಹೇಳುವಾಗ ಪುಟ್ಟಲಕ್ಷ್ಮಿ ಯಾರ ಕಣ್ಣನ್ನೂ ನೋಡುವುದಿಲ್ಲ. ಗೋಡೆಯನ್ನೋ ಕೈಯಲ್ಲಿದ್ದ ಪಾತ್ರೆಯನ್ನೋ ನೋಡುತ್ತ ಗೊಣಗುತ್ತಾಳೆ. ಸುಳ್ಳಿಗೆ ಮಾತ್ರ ಹೀಗೆ ಕಣ್ಣಲ್ಲಿ ಕಣ್ಣಿಡುತ್ತಾಳೆ, ಏಳು ವರ್ಷದವಳಿದ್ದಾಗಿನಿಂದ. ಅದು ಅವನಿಗೆ ಗೊತ್ತಿದೆ ಎಂಬುದೂ ಅವಳಿಗೆ ಗೊತ್ತು. ಈಶ್ವರಮ್ಮ ನಗು ನಿಲ್ಲಿಸಿ ಗೋಡೆಯ ಕಡೆಗೆ ಹೊರಳಿದ್ದಳು. ನಾಗೇಶ ಎದ್ದ. ಡಾಕ್ಟರನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದ. ಅವಳು ಯಾಕೆ, ಅವರಿಗೆ ಪುರುಸೊತ್ತಿರಲ್ಲ, ಸುಮ್ಮನೆ ಕೂತ್ಕೋ ಎಂದಳು. ಅವನ ಶರ್ಟಿನ ತುದಿ ಹಿಡಿಯಲು ಕೈ ಚಾಚಿದಳು, ಆ ಕೈ ಅಷ್ಟು ದೂರ ಬರಲಿಲ್ಲ. ಅವನು ಹೊರಟ. ಹೊರಡುವಾಗ ಅವನಿಗೆ ತಾನು ನಿಜವನ್ನು ತಿಳಿಯಲು ಹೋಗುತ್ತಿದ್ದೇನೆ, ತಿಳಿದು ಬಂದು ಅವಳ ಸುಳ್ಳನ್ನು ಒಡೆದು, ಬ್ಯಾಂಕಿನ ವಿಷಯ ಹೇಳಿ ಬಾಯಿ ಮುಚ್ಚಿಸುತ್ತೇನೆ ಎಂಬ ನಂಬಿಕೆಯೇ ಇತ್ತು. ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತ. ಎದುರಿನ ಗೋಡೆಯ ಮೇಲೆ ಹೆಂಗಸರು ತಮ್ಮನ್ನು ತಾವೇ ಮುಟ್ಟಿ ಪರೀಕ್ಷೆ ಮಾಡಿಕೊಳ್ಳುವುದು ಹೇಗೆಂದು ತೋರಿಸುವ ಚಿತ್ರಗಳಿದ್ದವು. ಅವುಗಳ ಕಡೆ ನೋಡಬಾರದೆಂದು ತನ್ನ ಚಪ್ಪಲಿ ನೋಡಿದ. ಒಳಗಿದ್ದವರು ಹೊರಗೆ ಬರುವುದು ತಡವಾಗಲಿ ಎಂದು ತಾನು ಬಯಸುತ್ತಿದ್ದೇನೆ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಗಮನಕ್ಕೆ ಬಂತು.

ಡಾಕ್ಟರು ರಕ್ಷಾಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಹೆಣ್ಣುಮಗಳು. ಅವನು ಬಾಯಿ ತೆರೆಯುವ ಮೊದಲೇ, ಪುಟ್ಟಲಕ್ಷ್ಮಿಯವರ ಕಡೆಯವರಾ ಎಂದು ಕೇಳಿದಳು. ಅಣ್ಣ ಎಂದ.

“ಬಂದಿದ್ದು ಒಳ್ಳೇದಾಯ್ತು. ಆ ಇಂಜೆಕ್ಷನ್ ಇನ್ಮೇಲೆ ಬೇಡ ಅಂತ ಬೆಳಿಗ್ಗೆ ಬಂದು ಹೇಳಿದಾರೆ ಅವರು. ಎಷ್ಟು ಹೇಳಿದ್ರೂ ಕೇಳಲ್ಲ. ಅವರ ಕಾಯಿಲೆಗೆ ಅದೇ ಮುಖ್ಯ. ಮಧ್ಯದಲ್ಲಿ ನಿಲ್ಲಿಸಿದ್ರೆ ಮತ್ತೆ ಬರೋದು ಹೆಚ್ಚು, ಬಂದ್ರೆ ಆಮೇಲೆ ನಮ್ಮ ಕೈಲಿ ಜಾಸ್ತಿ ಏನೂ ಇರಲ್ಲ. ಖರ್ಚಿನ ಪ್ರಶ್ನೆ ಅಂತ ಗೊತ್ತು ನನಗೆ. ಮನೇಲಿ ಎಲ್ಲಾ ಕೂತು ಒಂದ್ಸಲ ಮಾತಾಡಿ.”

“ಮಾತಾಡ್ತೀನಿ,” ಎಂದ ನಾಗೇಶ.

ಡಾಕ್ಟರು ಇನ್ನೂ ಏನಾದರೂ ಹೇಳುತ್ತಾನೆಂದು ಕಾಯುತ್ತಿದ್ದಳು. ಅವನಿಗೂ ಏನಾದರೂ ಹೇಳಬೇಕೆನಿಸಿತು. ಕೇಳದೆ ಹೊರಗೆ ಹೋದರೆ ಬಂದದ್ದೇಕೆ ಎಂದುಕೊಳ್ಳುತ್ತಾಳೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟವನು ಹಿಂದಿರುಗಿ, “ನಾಳೆ ಹಬ್ಬ ಡಾಕ್ಟ್ರೇ. ಅವಳು ಒಬ್ಬಟ್ಟು ತಿನ್ನಬಹುದಾ?” ಎಂದ.

ಅವಳು ಅವನನ್ನು ಒಂದು ಕ್ಷಣ ನೋಡಿದಳು. ಆ ನೋಟದಲ್ಲಿ ತಿರಸ್ಕಾರವಿದ್ದಿದ್ದರೆ ಅವನು ಅದನ್ನು ಹೊತ್ತುಕೊಂಡು ಹೋಗಬಹುದಾಗಿತ್ತು. ದಣಿವು ಮಾತ್ರ ಇತ್ತು. ಇಂಥ ಅಣ್ಣಂದಿರನ್ನು, ಗಂಡಂದಿರನ್ನು, ಮಕ್ಕಳನ್ನು ದಿನವೂ ನೋಡುವವಳ ದಣಿವು. “ತಿನ್ನಲಿ,” ಎಂದಳು. “ಸ್ವಲ್ಪ.”

ವಾರ್ಡಿಗೆ ಹಿಂದಿರುಗಿದಾಗ ಪುಟ್ಟಲಕ್ಷ್ಮಿ ಬಾಗಿಲ ಕಡೆಗೇ ನೋಡುತ್ತಿದ್ದಳು. ಕುರ್ಚಿಯಿಂದ ಅರ್ಧ ಎದ್ದು ಕೂತಿದ್ದಳು. ಅವಳ ಮುಖದಲ್ಲಿ ಭಯವಿತ್ತು. ಸಾಯುವ ಭಯವಲ್ಲ, ಸಿಕ್ಕಿಬೀಳುವ ಭಯ. ಅಥವಾ ಎರಡೂ ಇರಬಹುದು. ಅದರ ಹಿಂದೆ ಇನ್ನೂ ಒಂದೇನೋ ಇತ್ತು. ಅಣ್ಣ ಈಗ ಬಂದು ಬೈಯಬಹುದು, ಹುಚ್ಚಿ ಎನ್ನಬಹುದು, ಹೇಳಿಬಿಡಬಹುದು ಎಂಬ ಒಂದಿಷ್ಟು ಆಸೆ. ಅದನ್ನು ನೋಡಿದೆನೋ ಇಲ್ಲವೋ ಎಂದು ನಾಗೇಶ ಆಮೇಲೆ ಎಷ್ಟು ಕೇಳಿಕೊಂಡರೂ ನೋಡಿದ್ದು ನಿಜ.

“ಏನಂದ್ರು?”

“ಒಬ್ಬಟ್ಟು ತಿನ್ಲಿ ಅಂದ್ರು. ಸ್ವಲ್ಪ.”

“ಅಷ್ಟೇನಾ?”

“ಅಷ್ಟೇ.”

ಅವಳು ನಿಧಾನವಾಗಿ ಹಿಂದಕ್ಕೆ ಒರಗಿದಳು. ಹನಿ ಬೀಳುವ ಕಡೆ ನೋಡಿದಳು. “ನಾನು ಹೇಳಿದ್ನಲ್ಲ,” ಎಂದು ಗೊಣಗಿದಳು. ಯಾರ ಕಣ್ಣನ್ನೂ ನೋಡಲಿಲ್ಲ. ಆಮೇಲೆ ರಕ್ಷಾಳ ಪರೀಕ್ಷೆಯ ಬಗ್ಗೆ ಕೇಳಿದಳು, ಮಹಡಿಯ ಮೇಲಿನ ಬಾಡಿಗೆಯವರು ಖಾಲಿ ಮಾಡಿದರೇ ಎಂದು ಕೇಳಿದಳು, ಅಡುಗೆಮನೆಯ ಹೆಂಚು ಈ ಸಲ ಸೋರಿತೇ ಎಂದು ಕೇಳಿದಳು. ಅವನು ಒಂದೊಂದಕ್ಕೂ ಉದ್ದುದ್ದ ಉತ್ತರ ಕೊಟ್ಟ. ಅಷ್ಟು ಮಾತು ಅವನು ಅವಳೊಂದಿಗೆ ಆಡಿ ವರ್ಷಗಳಾಗಿದ್ದವು. ಹೊರಡುವಾಗ ಬಾಗಿನ ತೆಗೆದುಕೊಂಡ ಮೇಲೆ ಅಣ್ಣನ ಕಾಲಿಗೆ ಬೀಳದಿದ್ದರೆ ಹೇಗೆ ಎಂದು ಕುರ್ಚಿಯಿಂದ ಇಳಿಯಲು ಹೋದಳು. ನರ್ಸು ಕೂಗಿದಳು. ಬೇಡ ಬೇಡ ಎಂದು ಅವನು ಹತ್ತಿರ ಹೋದ. ಅವಳು ಕೂತಲ್ಲಿಂದಲೇ ಬಾಗಿ, ಊದಿದ ಕೈಯಿಂದ ಅವನ ಮೊಣಕಾಲು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಬಟ್ಟೆಯ ಕೆಳಗೆ ತಲೆ ಎಳೆಗಾಯಿಯಂತೆ ನುಣ್ಣಗಿತ್ತು. ಚೆನ್ನಾಗಿರು ಎಂದು ಹೇಳುವುದು ವಾಡಿಕೆ. ಹೇಳಿದ. ಈಶ್ವರಮ್ಮ ಈ ಕಡೆ ತಿರುಗಲಿಲ್ಲ.

ಹಿಂದಿರುಗುವ ಬಸ್ಸು ಖಾಲಿಯಿತ್ತು. ಅಣ್ಣತಮ್ಮಂದಿರೆಲ್ಲ ತಂಗಿಯರ ಮನೆಗಳಲ್ಲಿ ಊಟಕ್ಕೆ ಕೂತಿರಬೇಕು. ನಾಗೇಶ ಕಿಟಕಿಯ ಪಕ್ಕ ಕೂತು, ಅವಳಾಗಿಯೇ ಬೇಡ ಅಂದಳಲ್ಲ ಎಂದು ಒಂದು ಸಲ ಮನಸ್ಸಿನಲ್ಲೇ ಹೇಳಿನೋಡಿದ. ಪಾಲನ್ನೂ ಅವಳಾಗಿಯೇ ಬೇಡ ಅಂದಿದ್ದಳು. ಮಾಚೇನಹಳ್ಳಿ ದಾಟುವಾಗ ಫೋನ್ ಬಂತು. ಬ್ಯಾಂಕಿನವರು. ಮೂರು ಗಂಟೆಯೊಳಗೆ ಬರುತ್ತೀರಲ್ಲ, ಆಮೇಲೆ ಹಬ್ಬದ ರಜೆ ಎಂದರು. ಅವನು ಸದ್ಯಕ್ಕೆ ಬೇಡ ಸಾರ್ ಎಂದ. ಅವರು, ಯಾಕೆ ಏನಾಯಿತು, ಎಲ್ಲಾ ರೆಡಿ ಆಗಿದೆಯಲ್ಲ ಎಂದರು. ಅವನು, ಆಸ್ಪತ್ರೆಯಲ್ಲಿ ಬೇಡ ಅಂದ್ರು ಎಂದ. ಅವರು ಒಳ್ಳೆಯದಾಯಿತು ಬಿಡಿ, ದೇವರು ದೊಡ್ಡವನು ಎಂದರು. ಹೌದು ಸಾರ್ ಎಂದ. ಭದ್ರಾವತಿಯಲ್ಲಿ ಬ್ಯಾಂಕಿನ ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಕಂಡಕ್ಟರು ಯಾರಾದರೂ ಇಳಿಯುವವರಿದ್ದಾರಾ ಎಂದು ಎರಡು ಸಲ ಕೇಳಿದ. ನಾಗೇಶ ಏಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ನಡೆದ. ವಿದ್ಯಾಶ್ರೀ ಒಬ್ಬಟ್ಟು ತಟ್ಟುತ್ತಿದ್ದಳು, ಅವನ ಮುಖ ನೋಡಿ ಏನೂ ಕೇಳದೆ ತಟ್ಟೆ ಹಾಕಿದಳು. ಅವನು ಊಟ ಮಾಡಿದ. ಹಸಿವಾಗಿತ್ತು.

ಪುಟ್ಟಲಕ್ಷ್ಮಿ ಆ ಇಂಜೆಕ್ಷನ್ನನ್ನು ಮತ್ತೆ ಹಾಕಿಸಿಕೊಳ್ಳಲಿಲ್ಲ. ಅವಳು ಕೇಳಲಿಲ್ಲ. ಕೇಳುವ ಮೊದಲೇ ಕೊಡುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಕೊಡಲಿಲ್ಲ.